ಗೃಹವಿಚಾರ: ಮೆಟ್ಟಲಿಲ್ಲದ ಮನೆ

ಮನೆಯನ್ನು ಕಟ್ಟಿಸುವಾಗ ನಾವು ವಾಸ್ತುವನ್ನು ನೋಡುತ್ತೇವೆ, ಗಾಳಿ ಬೆಳಕುಗಳನ್ನು ನೋಡುತ್ತೇವೆ. ಆದರೆ ಮುಂದೆ ನಮ್ಮ ಮೊಣಕಾಲುಗಳು ಸೋತಾಗ ಈ ಮನೆಯೊಳಗೆ ನಾವು ಹೇಗೆ ತಿರುಗಾಡುವೆವೆಂಬುದನ್ನು ಮಾತ್ರ ವಿಚಾರಿಸುವದಿಲ್ಲ. ಈ ಸಾರೆ ಆ ವಿಷಯವನ್ನೇ ಕುರಿತು ನಾಲ್ಕು ಮಾತುಗಳನ್ನು ಬರೆಯುತ್ತೇನೆ.

ಗೋಕಾಕದಲ್ಲಿ ನಮ್ಮ ದೂರಸಂಬಂಧದ ವೃದ್ಧೆಯೊಬ್ಬರುಂಟು. 2019ನೆಯ ಇಸವಿಯ ಆಗಸ್ಟ ತಿಂಗಳಲ್ಲಿ ಘಟಪ್ರಭೆಯ ಮಹಾಪೂರವು ಊರೊಳಗೆ ನುಗ್ಗಿದಾಗ ಅವರು ಬಾಡಿಗೆಗಿದ್ದ ಮಣ್ಣುಗೋಡೆಯ ಮನೆಯು ಬಿದ್ದುಹೋಯಿತು. ಅದೇ ಕಾಲಕ್ಕೆ ಹುಕ್ಕೇರಿ ತಾಲೂಕಿನ ಸಂಕೇಶ್ವರದ ಬದಿಗೆ ಹಿರಣ್ಯಕೇಶಿಯೂ, ಮೂಡಲಗಿ ತಾಲೂಕಿನ ನದೀತೀರದ ಗ್ರಾಮಗಳಲ್ಲಿ ಘಟಪ್ರಭೆಯೂ ಬಹು ಜನರನ್ನು ನಿರಾಶ್ರಿತರನ್ನಾಗಿ ಮಾಡಿದವು. ಪೂರ್ಣವಾಗಿ ಬಿದ್ದ ಮನೆಯನ್ನು ತಿರುಗಿ ಕಟ್ಟಲಿಕ್ಕೆ ಸರಕಾರವು 5 ಲಕ್ಷ ರೂಪಾಯಿಗಳ ನೆರವನ್ನು ಸಾರಿತು. ಆದರೆ ಅದು ಮನೆಯ ಒಡೆಯನಿಗೆ ಸಲ್ಲತಕ್ಕದ್ದು. ಬಾಡಿಗೆಯ ಮುದುಕಿಗೆ ಮನೆಯೂ ಹೋಯಿತು, ಓಣಿಯೂ ಹೋಯಿತು.

ಬೆಳಗಾವಿಯಲ್ಲಿದ್ದ ಮಗನು ತಾಯಿಯನ್ನು ಪ್ರೀತಿಯಿಂದಲೇ ಕರೆದೊಯ್ದನು. ಅವನಿದ್ದದ್ದು ಲಿಫ್ಟು ಇಲ್ಲದ ಕಟ್ಟಡದ ಮೂರನೆಯ ಅಂತಸ್ತಿನಲ್ಲಿ. ಸಂಧಿವಾತದ ಆ ಜೀವವು ಎರಡು ವರ್ಷಗಳಲ್ಲಿ ಕೆಳಗಿಳಿದದ್ದು ವೈದ್ಯರ ಕಡೆಗೆ ಹೋಗುವದಕ್ಕಷ್ಟೇ. “ಉಣ್ಣಲಿಕ್ಕೆ ಕಡಿಮೆ ಇರಲಿಲ್ಲ, ನೆಲ ತುಳಿಯಲಿಕ್ಕೆ ಸಿಗಲಿಲ್ಲ,” ಎಂದು ಅವರು ನನ್ನೆದುರಿಗೆ ಹೇಳಿದರು. ಕಡೆಗೆ ಮಗನೇ ಗೋಕಾಕದಲ್ಲಿ ರಸ್ತೆಯ ಮಟ್ಟಕ್ಕಿರುವ ಒಂದು ಕೋಣೆ, ಒಂದು ಅಡಿಗೆಮನೆಯ ಬಿಡಾರವನ್ನು ಹುಡುಕಿ ಅವರನ್ನು ಅಲ್ಲಿರಿಸಿದನು. “ತಾಯಿಯನ್ನು ಹೊರಹಾಕಿದ” ಎಂದು ಅವನನ್ನು ಜರೆದವರುಂಟು. ಆದರೆ ಈಗ ಆ ತಾಯಿ ತಾವೇ ಸಂತೆಗೆ ಹೋಗಿ ಕಾಯಿಪಲ್ಲೆ ತರುವದನ್ನು ನೋಡಿದವರು ಹಾಗೆನ್ನಲಾರರು.

ಇನ್ನು ವೆಚ್ಚದ ಮಾತು. ಸಂಧ್ಯಾ ಸುರಕ್ಷಾ ಯೋಜನೆಯು 2007ರಲ್ಲಿ ಆರಂಭವಾಯಿತು. 65 ವರ್ಷ ಮೀರಿದ ಬಡವರಿಗೆ ಅದರಿಂದ ದೊರೆಯುವ ಮಾಸಾಶನವನ್ನು 2021ರಲ್ಲಿ 1,000ದಿಂದ 1,200 ರೂಪಾಯಿಗಳಿಗೆ ಏರಿಸಿದರು. ಇಷ್ಟರಲ್ಲಿ ಬಾಡಿಗೆ, ಬೇಳೆ, ಔಷಧ ಮೂರೂ ಸಾಗುವದು ಅಶಕ್ಯ. ಆದುದರಿಂದ ಮಾಸಾಶನವಿದೆಯೆಂದು ಮಕ್ಕಳು ಕೈತೊಳೆದುಕೊಳ್ಳಬಾರದು. ಮೇಲೆ ಹೇಳಿದ ವೃದ್ಧೆಗೆ ಬಾಡಿಗೆಯನ್ನು ಇಂದಿಗೂ ಮಗನೇ ಕೊಡುತ್ತಾನೆ. 2007ರ ಪಾಲಕರ ಹಾಗೂ ಹಿರಿಯ ನಾಗರಿಕರ ಪೋಷಣೆಯ ಕಾಯದೆಯು ಇದನ್ನು ಕೇವಲ ಧರ್ಮವೆಂದು ಬಿಡದೆ ಮಕ್ಕಳ ಹೊಣೆಯೆಂದೇ ವಿಧಿಸಿದೆ. ಪ್ರತಿ ಜಿಲ್ಲೆಯಲ್ಲಿ 150 ಜನ ನಿರ್ಗತಿಕರಿಗೆ ಸ್ಥಳವುಳ್ಳ ಒಂದಾದರೂ ವೃದ್ಧಾಶ್ರಮವಿರಬಹುದೆಂದು ಅದೇ ಕಾಯದೆಯು ಹೇಳುತ್ತದೆ. ಯಾರೂ ಇಲ್ಲದವರಿಗೆ ಅದು ಬೇಕೇ ಬೇಕು. ಆದರೆ ತನ್ನ ಒಲೆಯ ಮೇಲೆ ತಾನು ಬೇಯಿಸಬಲ್ಲವರಿಗೆ ಚಿಕ್ಕದಾದರೂ ಸ್ವಂತ ಬಾಗಿಲಿನ ಮನೆಯೇ ಹಿತ.

ಅಂಗವಿಕಲರ ವಿಷಯದಲ್ಲಿ 2016ರ ಕಾಯದೆಯು ಸ್ಪಷ್ಟವಾಗಿದೆ. ನೂರಕ್ಕೆ 40ಕ್ಕೆ ಕಡಿಮೆಯಿಲ್ಲದ ವೈಕಲ್ಯವುಳ್ಳವರಿಗೆ ಸರಕಾರದ ವಸತಿ ಯೋಜನೆಗಳಲ್ಲಿ ನೂರಕ್ಕೆ 5 ಮನೆಗಳು ಮೀಸಲು. ಅವರಲ್ಲಿಯೂ ಸ್ತ್ರೀಯರಿಗೆ ಮೊದಲ ಮಾನ. ಬಹು ಅಂತಸ್ತಿನ ಕಟ್ಟಡಗಳಲ್ಲಿ ಮುದುಕರೂ ಅಂಗವಿಕಲರೂ ಇರುವ ಕುಟುಂಬಗಳಿಗೆ ಸಾಧ್ಯವಾದಷ್ಟು ನೆಲಮಟ್ಟದ ಇಲ್ಲವೆ ಕೆಳಗಿನ ಅಂತಸ್ತಿನ ಮನೆಗಳನ್ನೇ ಕೊಡಬೇಕೆಂದು 2015ರ ಪ್ರಧಾನಮಂತ್ರಿ ಆವಾಸ ಯೋಜನೆಯ ನಗರವಿಭಾಗದ ನಿಯಮಗಳು ಹೇಳಿದವು. ಆದರೆ ಕೇಳದವರಿಗೆ ನಿಯಮವು ತಾನಾಗಿ ಬಂದು ಬಾಗಿಲು ತೆರೆಯುವದಿಲ್ಲ. ಹಳ್ಳಿಗಳಲ್ಲಿ ಫಲಾನುಭವಿಗಳ ಆಯ್ಕೆಯು ಗ್ರಾಮಸಭೆಯಲ್ಲಿ ಆಗುವದು. ನಡೆಯಲಾರದವನು ಆ ಸಭೆಗೆ ಹೇಗೆ ಹೋದಾನು? ನೆರೆಮನೆಯ ಗೃಹಸ್ಥನು ಅವನನ್ನು ಕರೆದೊಯ್ಯಬೇಕು, ಇಲ್ಲವೆ ಅವನ ಪರವಾಗಿ ಅರ್ಜಿಯನ್ನು ಮುಟ್ಟಿಸಬೇಕು. ಮೂಡಲಗಿಯು 2018ರಲ್ಲಿ ಬೇರೆ ತಾಲೂಕಾದದ್ದರಿಂದ ಆ ಭಾಗದವರಿಗೆ ಕಚೇರಿಯ ದಾರಿಯಾದರೂ ಹತ್ತಿರವಾಗಿದೆ.

ಮನೆಯನ್ನು ಆರಿಸುವಾಗಲೂ ತಿದ್ದಿಸುವಾಗಲೂ ಲಕ್ಷ್ಯದಲ್ಲಿಡಬೇಕಾದ ಸಂಗತಿಗಳು ಕೆಲವೇ. ಬಾಗಿಲು ಮೂರು ಅಡಿ ಅಗಲವಿದ್ದರೆ ಗಾಲಿಕುರ್ಚಿಯು ಸರಾಗವಾಗಿ ಹಾಯುವದು. ಮೆಟ್ಟಲಿನ ಬದಲು ಇಳಿಜಾರು ಹಾಕುವದಾದರೆ ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ ಬೇಕು. ಇದಕ್ಕೂ ಕಡಿದಾಗಿದ್ದರೆ ಕುರ್ಚಿಯನ್ನು ದೂಡುವವರಿಗೆ ಕಷ್ಟ, ಇಳಿಯುವವರಿಗೆ ಅಪಾಯ. ಬಚ್ಚಲಿನ ನೆಲ ಜಾರದಂತಿರಲಿ. ಶೌಚದಲ್ಲಿ ಕುಳಿತೇಳಲು ಗೋಡೆಗೊಂದು ಗಟ್ಟಿಯಾದ ಕಬ್ಬಿಣದ ಹಿಡಿಯಿರಲಿ. ಹಾಸಿಗೆಯಿಂದ ಬಚ್ಚಲಿನವರೆಗೆ ರಾತ್ರಿ ದೀಪವಿರಲಿ. ನದೀತೀರದ ಊರುಗಳಲ್ಲಿ ಇನ್ನೊಂದು ಎಚ್ಚರಿಕೆ: ನೆಲಮಟ್ಟದ ಮನೆಯೆಂದು ತಗ್ಗಿನ ಮನೆಯನ್ನು ಹಿಡಿಯಬೇಡಿರಿ, ಪೂರದ ನೀರು ಮೊದಲು ಬರುವದು ಅಲ್ಲಿಗೇ, ಓಡಲಾರದವರು ಇರುವದೂ ಅಲ್ಲಿಯೇ.

ಹಿರಿಯರಿಗೊಂದು ಮಾತು. ಇರುವ ಮನೆಯನ್ನು ಮಕ್ಕಳ ಹೆಸರಿಗೆ ಬರೆದುಕೊಡುವಾಗ “ನಮ್ಮನ್ನು ಕೊನೆತನಕ ನೋಡಿಕೊಳ್ಳಬೇಕು” ಎಂಬ ಕರಾರನ್ನು ಪತ್ರದಲ್ಲಿಯೇ ಕಾಣಿಸಿರಿ. ಆ ಕರಾರು ಮುರಿದರೆ ಪತ್ರವನ್ನು ರದ್ದುಗೊಳಿಸಲು 2007ರ ಕಾಯದೆಯಲ್ಲಿ ಆಸ್ಪದವಿದೆ. ಬರೆಯಿಸುವದು ಅವಿಶ್ವಾಸವಲ್ಲ, ಒಳ್ಳೆಯ ಮಗನಿಗೆ ಅದರಿಂದ ಯಾವ ಬಾಧೆಯೂ ಇಲ್ಲ.

ಈ ತಿಂಗಳು ಒಂದು ಸಂಜೆ ನಿಮ್ಮ ಮನೆಯ ಹಿರಿಯರು ಹಾಸಿಗೆಯಿಂದೆದ್ದು ಬೀದಿಯ ಬಾಗಿಲಿನವರೆಗೆ ಬರುವದನ್ನು ಸುಮ್ಮನೆ ಕುಳಿತು ನೋಡಿರಿ. ಅವರು ಎಲ್ಲಿ ಗೋಡೆಯನ್ನು ಹಿಡಿಯುವರೋ, ಎಲ್ಲಿ ನಿಂತು ಉಸಿರು ಬಿಡುವರೋ, ತಿದ್ದುವ ಕೆಲಸವು ಅಲ್ಲಿಂದಲೇ ಆರಂಭವಾಗಲಿ.