ಆರೋಗ್ಯ ಪುಟ: ಕರುಳಿನ ಉರಿಯೂತ

ಹೊಟ್ಟೆ ಕೆಟ್ಟಿತೆಂದರೆ ನಮ್ಮವರು ಹೆಚ್ಚು ಹೆದರುವುದಿಲ್ಲ. ಒಂದು ಹೊತ್ತು ಲಂಘನ, ಒಂದು ಲೋಟ ಮಜ್ಜಿಗೆ, ಮರುದಿನ ಗಂಜಿ. ಬಹುಮಟ್ಟಿಗೆ ಅಷ್ಟರಲ್ಲಿಯೇ ಗುಣವಾಗುವುದೂ ಉಂಟು. ಆದರೆ ಭೇದಿಯು ವಾರಗಟ್ಟಲೆ ನಿಲ್ಲದೆ, ಮಲದಲ್ಲಿ ರಕ್ತ ಕಾಣಿಸಿಕೊಂಡು, ಮೈ ಇಳಿಯುತ್ತ ಬಂದರೆ, ಅದನ್ನು ಆಮಶಂಕೆಯೆಂದೋ ಮೂಲವ್ಯಾಧಿಯೆಂದೋ ತಾವೇ ನಿರ್ಣಯಿಸಿಕೊಂಡು ಸುಮ್ಮನಿರತಕ್ಕದ್ದಲ್ಲ.

ಕರುಳಿನ ದೀರ್ಘಕಾಲದ ಉರಿಯೂತಗಳಲ್ಲಿ ಮುಖ್ಯವಾದವು ಎರಡು. ಒಂದು ಅಲ್ಸರೇಟಿವ್ ಕೊಲೈಟಿಸ್, ಎಂದರೆ ದೊಡ್ಡ ಕರುಳಿನ ಹುಣ್ಣಿನ ಬೇನೆ. ಇನ್ನೊಂದು ಕ್ರೋನ್ಸ್ ಕಾಯಿಲೆ. ನ್ಯೂಯಾರ್ಕಿನ ಮೌಂಟ್ ಸೈನಾಯ್ ಆಸ್ಪತ್ರೆಯ ಕ್ರೋನ್, ಗಿನ್ಸ್‌ಬರ್ಗ್, ಒಪನ್‌ಹೈಮರ್ ಎಂಬ ಮೂವರು ವೈದ್ಯರು ಇದನ್ನು 1932ರಲ್ಲಿ ವಿವರಿಸಿದರು. ಹೆಸರು ಮಾತ್ರ ಒಬ್ಬರದೇ ನಿಂತಿತು. ಅಮೆರಿಕದ ಅಧ್ಯಕ್ಷ ಐಸೆನ್‌ಹೋವರರಿಗೆ 1956ರಲ್ಲಿ ಶಸ್ತ್ರಚಿಕಿತ್ಸೆಯಾದುದು ಈ ಬೇನೆಯಿಂದಲೇ.

ಇವೆರಡೂ ಅಂಟುರೋಗಗಳಲ್ಲ. ರೋಗಾಣುಗಳೊಡನೆ ಹೋರಾಡಬೇಕಾದ ದೇಹದ ರಕ್ಷಣಾಶಕ್ತಿಯು ಹದ ತಪ್ಪಿ, ಸ್ವಂತ ಕರುಳನ್ನೇ ನೋಯಿಸತೊಡಗುತ್ತದೆ. ವಂಶಗುಣ, ಕರುಳಿನ ಜೀವಾಣುಗಳು, ಪರಿಸರ ಇವೆಲ್ಲವೂ ಸೇರಿ ಹೀಗಾಗುತ್ತದೆಯೇ ಹೊರತು ಯಾವುದೊಂದನ್ನೇ ಕಾರಣವೆಂದು ಹೇಳಲಾಗದು.

ಇವುಗಳ ಭೇದವಿರುವುದು ಕರುಳಿನ ಗೋಡೆಯಲ್ಲಿ. ಕೊಲೈಟಿಸ್ ಗುದನಾಳದಲ್ಲಿ ಮೊದಲಾಗಿ, ನಡುವೆ ಎಡೆಬಿಡದೆ ದೊಡ್ಡ ಕರುಳಿನಲ್ಲಿ ಮೇಲೇರುತ್ತದೆ. ಆದರೆ ಒಳಪೊರೆಯನ್ನು ದಾಟಿ ಆಳಕ್ಕೆ ಇಳಿಯುವುದು ಅಪರೂಪ. ಕ್ರೋನ್ಸ್ ಹಾಗಲ್ಲ. ಬಾಯಿಯಿಂದ ಗುದದ್ವಾರದವರೆಗೆ ಎಲ್ಲಿಯಾದರೂ ಬರಬಹುದು. ಸಣ್ಣ ಕರುಳಿನ ಕೊನೆಯ ಭಾಗ ಅದಕ್ಕೆ ಹೆಚ್ಚು ಪ್ರಿಯವಾದ ಸ್ಥಳ. ರೋಗಪೀಡಿತ ಭಾಗಗಳ ನಡುವೆ ಆರೋಗ್ಯವಾದ ಕರುಳೂ ಇರುತ್ತದೆ. ಊತವು ಗೋಡೆಯ ಎಲ್ಲ ಪದರಗಳಿಗೂ ವ್ಯಾಪಿಸುವುದರಿಂದ ಕರುಳು ದಪ್ಪಗಾಗಿ ದಾರಿ ಕಿರಿದಾಗುತ್ತದೆ; ಕೆಲವರಲ್ಲಿ ಗೋಡೆ ತೂತಾಗಿ ಪಕ್ಕದ ಕರುಳಿಗೋ ಚರ್ಮಕ್ಕೋ ಕಳ್ಳದಾರಿ ಬೀಳುತ್ತದೆ.

ಈ ಭೇದವನ್ನು ತಿಳಿದು ಆಗಬೇಕಾದುದೇನು ಎಂದು ವಾಚಕರು ಕೇಳಬಹುದು. ಚಿಕಿತ್ಸೆ ನಿಂತಿರುವುದೇ ಇದರ ಮೇಲೆ. ಔಷಧಕ್ಕೆ ಬಗ್ಗದ ಕೊಲೈಟಿಸ್‌ನಲ್ಲಿ ದೊಡ್ಡ ಕರುಳನ್ನೂ ಗುದನಾಳವನ್ನೂ ತೆಗೆದರೆ ಕರುಳಿನ ಬೇನೆ ಮುಗಿಯಿತು. ಕ್ರೋನ್ಸ್‌ನಲ್ಲಿಯಾದರೋ ಕೆಟ್ಟ ಭಾಗವನ್ನು ಕತ್ತರಿಸಿ ಜೋಡಿಸಿದ ಕಡೆಯಲ್ಲಿಯೇ ಅದು ಮತ್ತೆ ತಲೆಯೆತ್ತಬಹುದು.

ನಮ್ಮ ದೇಶದಲ್ಲಿ ಇನ್ನೊಂದು ತೊಡಕುಂಟು. ಕರುಳಿನ ಕ್ಷಯವೂ ಸಣ್ಣ ಕರುಳಿನ ಕೊನೆಯಲ್ಲಿಯೇ ನೆಲೆಸಿ, ಕ್ರೋನ್ಸ್‌ನಂತೆಯೇ ತೋರುತ್ತದೆ. ಕ್ಷಯವನ್ನು ಕ್ರೋನ್ಸ್ ಎಂದು ತಿಳಿದು, ರಕ್ಷಣಾಶಕ್ತಿಯನ್ನು ತಗ್ಗಿಸುವ ಸ್ಟೀರಾಯ್ಡ್ ಕೊಟ್ಟರೆ ಕ್ಷಯವು ಹಬ್ಬುತ್ತದೆ. ಕೊಲೊನೋಸ್ಕೊಪಿ ಮಾಡಿ, ಕರುಳಿನ ಚೂರನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೂ ಒಮ್ಮೊಮ್ಮೆ ಸಂದೇಹ ಉಳಿಯುತ್ತದೆ. ಆಗ ವೈದ್ಯರು ಮೊದಲು ಕ್ಷಯದ ಔಷಧವನ್ನೇ ಕೊಟ್ಟು ಕಾದು ನೋಡುವುದುಂಟು. ಅದನ್ನು ಅವರ ಅಜ್ಞಾನವೆಂದು ಭಾವಿಸಿ ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆಯುವುದು ತರವಲ್ಲ.

ಔಷಧದಿಂದ ಈ ಎರಡು ಬೇನೆಗಳನ್ನು ಬೇರುಸಹಿತ ಕೀಳಲು ಬಾರದು, ಹತೋಟಿಯಲ್ಲಿಡಬಹುದು. ಹತೋಟಿಯಲ್ಲಿಟ್ಟುಕೊಂಡು ಉದ್ಯೋಗ, ಸಂಸಾರ ನಡೆಸುವವರು ಅನೇಕರು. ಗುಣ ಕಂಡಿತೆಂದು ಮದ್ದು ಬಿಡಬಾರದು. ಕ್ರೋನ್ಸ್ ಇರುವವರು ಧೂಮಪಾನವನ್ನು ತ್ಯಜಿಸಲೇಬೇಕು. ಹಲವು ವರ್ಷ ಕೊಲೈಟಿಸ್ ಇದ್ದವರಿಗೆ ಕರುಳಿನ ಕ್ಯಾನ್ಸರಿನ ಭಯ ಹೆಚ್ಚು. ಅವರು ಕಾಲಕಾಲಕ್ಕೆ ಪರೀಕ್ಷೆ ಮಾಡಿಸಿಕೊಳ್ಳಬೇಕು.

ಈ ಬೇನೆಗಳು ಬಹುಪಾಲು ತಾರುಣ್ಯದಲ್ಲಿಯೇ ತೋರತೊಡಗುತ್ತವೆ. ಮಲದ ಮಾತನ್ನು ಮನೆಯಲ್ಲಿ ಆಡಲು ಆ ವಯಸ್ಸಿನವರಿಗೆ ಸಂಕೋಚ. ಮಗನೋ ಮಗಳೋ ಊಟ ಬಿಟ್ಟು ಸೊರಗುತ್ತಿದ್ದರೆ ಹಿರಿಯರೇ ಮೆಲ್ಲನೆ ಕೇಳಿ ತಿಳಿದುಕೊಳ್ಳುವುದು ಒಳ್ಳೆಯದು.