ರಸ್ತೆ ಕೆಟ್ಟರೆ ಮಳಿಗೆ ಬೈಬ್ಯಾಡ್ರಿ, ಲೆಕ್ಕ ಕೇಳ್ರಿ!

ಮರವಡೆ, ಮಂಗಳವೇಡೆ, ಅಕ್ಕಲಕೋಟೆ ಭಾಗದ ಗೆಳೆಯರೇ,

ರಸ್ತೆ ಕಿತ್ತುಹೋದಾಗೆಲ್ಲ ನಮಗೆ ಸಿಗೋದು ಒಂದೇ ಉತ್ತರ: "ಮಳಿ ಜಾಸ್ತಿ ಆತು." ಬರದ ಸೀಮೆಯಾಗ ಈ ಮಾತು ಹೇಳೋಕೂ ಧೈರ್ಯ ಬೇಕು! ನೀರು ರಸ್ತೆ ಕೆಡಿಸುತ್ತದೆ, ಒಪ್ಪೋಣ. ಆದರೆ ಗಾಡಿ ಭಾರದ ಬಗ್ಗೆ ಯಾರೂ ಯಾಕ ಬಾಯಿ ಬಿಡೋದಿಲ್ಲ?

ರಸ್ತೆಗೆ ಪೆಟ್ಟು ಕೊಡೋದು ಒಂದೊಂದು ಅಚ್ಚಿನ ಮೇಲೆ ಬೀಳುವ ತೂಕ. ಆ ತೂಕ ದುಪ್ಪಟ್ಟಾದರೆ ಪೆಟ್ಟು ಸುಮಾರು 16 ಪಟ್ಟು ಆಗ್ತದ! ಅಮೆರಿಕದ ಇಲಿನಾಯ್‌ನಲ್ಲಿ 1958ರಿಂದ 1960ರವರೆಗೆ ಲಾರಿ ಓಡಿಸಿ ನೋಡಿ ಕಂಡುಕೊಂಡ ಲೆಕ್ಕ ಇದು. ನಮ್ಮ ದೇಶದಲ್ಲೂ ಇದೇ ನಡೀತದ, 8.16 ಟನ್ ಅಚ್ಚು ಅಳತೆಗೋಲು. 2018ರಲ್ಲಿ ಕೇಂದ್ರ ಸರ್ಕಾರ ನಾಲ್ಕು ಟೈರಿನ ಅಚ್ಚಿನ ಮಿತಿಯನ್ನು 10.2ರಿಂದ 11.5 ಟನ್‌ಗೆ ಏರಿಸಿತು. ತೂಕ ಏರಿದ್ದು 1.3 ಟನ್. ಪೆಟ್ಟು ಏರಿದ್ದು 2.4 ಪಟ್ಟಿನಿಂದ 4 ಪಟ್ಟಿಗೆ.

ಇನ್ನು ನಮ್ಮ ಕಬ್ಬಿನ ಸೀಸನ್. ಎರಡೆರಡು ಟ್ರಾಲಿ ಕಟ್ಟಿದ ಟ್ರ್ಯಾಕ್ಟರು ಹಗಲು-ರಾತ್ರಿ ಓಡ್ತಾವ. ಇಂಡಿಯನ್ ರೋಡ್ಸ್ ಕಾಂಗ್ರೆಸ್ ನಿಯಮ ಏನು ಹೇಳ್ತದ? ವಾಹನ ಗಣತಿ ವರ್ಷಕ್ಕೆ ಎರಡು ಸಲ ಆಗಬೇಕು: ಒಮ್ಮೆ ಸುಗ್ಗಿಯಲ್ಲಿ, ಒಮ್ಮೆ ಗಾಡಿ ಕಡಿಮೆ ಇರುವಾಗ, ಪ್ರತಿ ಸಲ 7 ದಿನ, 24 ತಾಸು. ಮೇ ತಿಂಗಳಲ್ಲಿ ಎಣಿಸಿ ಕೈ ತೊಳೆದುಕೊಂಡರೆ, ಆ ರಸ್ತೆ ಜನವರಿಯಲ್ಲಿ ಸಾಯಲೇಬೇಕು.

"ರೈತರು ಓವರ್‌ಲೋಡ್ ಮಾಡ್ತಾರ" ಅಂತ ಗೂಬೆ ಕೂರಿಸಬ್ಯಾಡ್ರಿ. ಕಬ್ಬು ಪ್ರತಿ ವರ್ಷ ಇದೇ ದಾರಿಯಲ್ಲಿ ಹೋಗ್ತದ ಅನ್ನೋದು ಎಲ್ಲರಿಗೂ ಗೊತ್ತು. ಕಾರ್ಖಾನೆ ಗೇಟಿನ ಕಾಟಾದಾಗ ಪ್ರತಿ ಗಾಡಿ ತೂಗ್ತಾರ. ಬಿಲ್ ಮಾಡೋಕೆ ಸಿಗೋ ತೂಕ ರಸ್ತೆ ವಿನ್ಯಾಸಕ್ಕೆ ಯಾಕ ಸಿಗಬಾರದು?

ಬರೀ ಫೋಟೋ ಹಾಕಿ ಬೈದರೆ ಸಾಲದು. 10 ರೂಪಾಯಿಯ ಮಾಹಿತಿ ಹಕ್ಕು ಅರ್ಜಿ ಹಾಕೋಣ, ಮೂರು ಕಾಗದ ಕೇಳೋಣ:

1. ನಮ್ಮ ರಸ್ತೆಯ ವಾಹನ ಗಣತಿ: ಯಾವ ತಿಂಗಳು, ಎಷ್ಟು ದಿನ?
2. ಅಚ್ಚಿನ ಭಾರದ ಸಮೀಕ್ಷೆ: ಮಾಡಿದ್ದಾರಾ, ಇಲ್ಲಾ?
3. ಎಷ್ಟು ವರ್ಷಕ್ಕೆ, ಎಷ್ಟು ಭಾರಕ್ಕೆ ವಿನ್ಯಾಸ?

ಅರ್ಜಿ ಮರಾಠಿಯಲ್ಲೇ ಬರೀರಿ. ಮರಾಠಿ ಓದಿದವರೇ ಇದ್ದೀರಿ. ಗಡಿ ಕನ್ನಡಿಗರು ನಾಮಫಲಕಕ್ಕಷ್ಟೇ ದನಿ ಎತ್ತುವವರಲ್ಲ. ಊರಿನ ರಸ್ತೆಗೂ ಲೆಕ್ಕ ಕೇಳ್ತಾರ ಅಂತ ಗೊತ್ತಾಗಲಿ.

ಬಸವಣ್ಣನವರು ಕರಣಿಕರಾಗಿ ಲೆಕ್ಕ ಬರೆದ ಮಂಗಳವೇಡೆಯ ನೆಲ ಇದು. ಇಲ್ಲಿ ಕಳ್ಳಲೆಕ್ಕ ನಡೆಯಬಾರದು!