ಔಷಧ ಕೊಟ್ಟರಾಯಿತೆ?

ರೋಗಿಗೆ ಔಷಧ ಕೊಡುವುದು ಬೇರೆ, ಅದನ್ನು ಅವನು ಕೊನೆಯವರೆಗೆ ಸೇವಿಸುವಂತೆ ಮಾಡುವುದು ಬೇರೆ. ಮೊದಲನೆಯದರ ಲೆಕ್ಕವನ್ನು ಎಲ್ಲ ದವಾಖಾನೆಗಳೂ ಇಡುತ್ತವೆ. ಎರಡನೆಯದರ ಲೆಕ್ಕ ವಿರಳ. ಮುಂದುವರಿದ ದೇಶಗಳಲ್ಲಿಯೂ ದೀರ್ಘಕಾಲದ ರೋಗಿಗಳಲ್ಲಿ ಸುಮಾರು ಅರ್ಧದಷ್ಟು ಜನ ಮಾತ್ರ ಹೇಳಿದಂತೆ ಔಷಧ ತೆಗೆದುಕೊಳ್ಳುತ್ತಾರೆಂದು ವಿಶ್ವ ಆರೋಗ್ಯ ಸಂಸ್ಥೆ 2003ರಲ್ಲಿಯೇ ತಿಳಿಸಿತು.

ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲೇರಿದವನು ನಾನೊಬ್ಬನೇ. ಆದುದರಿಂದ ಎಕ್ಕಂಬಿಯ ನಮ್ಮ ಕೇರಿಯವರು ಗುಳಿಗೆಯ ಪೊಟ್ಟಣವನ್ನು ನನ್ನ ಮುಂದೆಯೇ ಬಿಚ್ಚುತ್ತಾರೆ. ಅದರ ಮೇಲಿನ ಅಕ್ಷರಗಳನ್ನು ನಾನು ಓದಬಲ್ಲೆ. ಆದರೆ ಊಟಕ್ಕೆ ಮೊದಲೋ ಆಮೇಲೋ, ಒಂದು ಹೊತ್ತು ತಪ್ಪಿದರೆ ಏನು ಮಾಡಬೇಕು, ಎಂದಿಗೆ ನಿಲ್ಲಿಸಬೇಕು ಎಂಬುದನ್ನು ಇತಿಹಾಸ, ರಾಜ್ಯಶಾಸ್ತ್ರ ಓದಿದ ನಾನು ಹೇಗೆ ಹೇಳಲಿ? ಹೇಳಬೇಕಾದವರು ಔಷಧ ಕೈಗಿತ್ತ ಫಾರ್ಮಸಿಸ್ಟರು.

ಔಷಧ ಬಿಡುವ ರೋಗಿಯನ್ನು ಮೂರ್ಖನೆನ್ನುವುದು ಸುಲಭ. ಕ್ಷಯಕ್ಕೆ ಸಾಮಾನ್ಯವಾಗಿ ಆರು ತಿಂಗಳ ಔಷಧ. ಕೆಮ್ಮು, ಜ್ವರ ಅದಕ್ಕಿಂತ ಬಹಳ ಮೊದಲೇ ಇಳಿಯುತ್ತವೆ. ಅಡಿಕೆ ಕೊಯ್ಲಿನ ದಿನಗಳಲ್ಲಿ ಕೂಲಿ ಬಿಟ್ಟು ಔಷಧ ತರಲು ಹೋಗುವವರಾರು? ಅರ್ಧಕ್ಕೆ ಬಿಟ್ಟರೆ ಉಳಿದ ಕ್ರಿಮಿಗಳು ಮುಂದೆ ಆ ಔಷಧಕ್ಕೇ ಬಗ್ಗದಂತಾಗಬಹುದು. ರಕ್ತದೊತ್ತಡಕ್ಕೆ ಹೆಚ್ಚಾಗಿ ನೋವೂ ಇಲ್ಲ. ನೋವಿಲ್ಲದ ರೋಗಕ್ಕೆ ದಿನವೂ ಗುಳಿಗೆ ಏಕೆಂದು ತಿಳಿಹೇಳದೆ ಯಾರೂ ನುಂಗರು.

ಹಿಂದಿನ ಕಂಪೌಂಡರು ಔಷಧದ ಸೀಸೆಗೆ ಕತ್ತರಿಸಿದ ಕಾಗದ ಅಂಟಿಸಿ ಒಂದೊಂದು ಹೊತ್ತಿನ ಅಳತೆ ತೋರಿಸುತ್ತಿದ್ದರು. ಓದು ಬಾರದವರಿಗೂ ಅದು ತಿಳಿಯುತ್ತಿತ್ತು. ರೋಗಿಗೆ ತಿಳಿವಳಿಕೆ ನೀಡುವುದು ಫಾರ್ಮಸಿಸ್ಟರ ಕರ್ತವ್ಯವೆಂದು 2015ರ ಫಾರ್ಮಸಿ ವೃತ್ತಿ ನಿಯಮಗಳೂ ಹೇಳುತ್ತವೆ. ಆದರೆ ಹೇಳುವುದೂ ಒಂದು ವಿದ್ಯೆ. ಅದಕ್ಕೆ ತರಬೇತಿ ಬೇಕು. ರೋಗಿಯ ಮಾತಿನಲ್ಲಿಯೇ ವಿವರಿಸಿ, 'ಹೇಗೆ ತಗೊಳ್ತೀರಿ, ನೀವೇ ಒಮ್ಮೆ ಹೇಳಿ' ಎಂದು ಕೇಳುವ ಅಭ್ಯಾಸವಾಗಬೇಕು.

ಕೆಲಸವನ್ನು ಅಳೆಯಲೂ ಬೇಕು. ಎಷ್ಟು ಪೊಟ್ಟಣ ಹಂಚಿದರೆಂದಲ್ಲ. ಕಳೆದ ತಿಂಗಳು ಒಯ್ದವರಲ್ಲಿ ಎಷ್ಟು ಜನ ಈ ತಿಂಗಳೂ ಬಂದರೆಂದು. 2017ರಲ್ಲಿ ಆರಂಭವಾದ ಭಾರತದ ರಕ್ತದೊತ್ತಡ ನಿಯಂತ್ರಣ ಕಾರ್ಯಕ್ರಮ, ದಾಖಲಾದ ರೋಗಿಗಳಲ್ಲಿ ಎಷ್ಟು ಜನರ ಒತ್ತಡ ಹತೋಟಿಗೆ ಬಂತೆಂದು ಲೆಕ್ಕವಿಟ್ಟು ಇಂಥ ಅಳತೆ ಸಾಧ್ಯವೆಂದು ತೋರಿಸಿದೆ.

ಅಂಕಿಗಳನ್ನು ಕೇಳಿದರೆ ಸುಳ್ಳು ಅಂಕಿಗಳು ಹುಟ್ಟುತ್ತವೆ ಎಂಬ ಆಕ್ಷೇಪ ಬರಬಹುದು. ಅಂಕಿಯನ್ನು ದಂಡನೆಗೆ ಬಳಸಿದರೆ ಅದು ನಿಜವೇ. ಬಾರದವರ ಮನೆ ಹುಡುಕಲು ಬಳಸಿದರೆ ಸುಳ್ಳು ಬರೆದು ಲಾಭವೇನು? ಒಬ್ಬರೇ ನೂರಾರು ಜನರಿಗೆ ಔಷಧ ಹಂಚುವಲ್ಲಿ ಇನ್ನೊಬ್ಬರನ್ನು ನೇಮಿಸುವುದೂ ಸರಕಾರದ ಹೊಣೆ.

ಆಸ್ಪತ್ರೆ ಕಟ್ಟುವುದಕ್ಕೆ, ಔಷಧ ಕೊಳ್ಳುವುದಕ್ಕೆ ಹಣ ವೆಚ್ಚವಾಗುತ್ತಲೇ ಇದೆ. ಎರಡು ನಿಮಿಷದ ಮಾತಿಲ್ಲದೆ ಆ ಔಷಧ ಮಾಡಿನ ಸಂದಿಯಲ್ಲಿ ಉಳಿದರೆ, ಕೊಟ್ಟೂ ಕೊಡದಂತೆಯೇ ಸರಿ.